ಹಳೆ ಮಂಚ, ಬೀರು ದಾನ ಕೊಡುವ ಮುಂಚೆ: ಬಳ್ಳಾರಿಯ ಒಂದು ಸೇವಾ ಅಂಗಡಿಯ ಬಗ್ಗೆ

ಬಳ್ಳಾರಿಯಲ್ಲಿ ಸೇವಾ ಸಂಸ್ಥೆಯೊಂದು ನಡೆಸುವ ಹಳೆ ಸಾಮಾನಿನ ಅಂಗಡಿಯ ಮೇಲೆ ಜನ ಹೇಳುವ ದೂರು ಒಂದೇ: "ಪುಕ್ಕಟೆ ಕೊಟ್ಟರೂ ಬೇಡ ಅಂತಾರೆ." ಮಾತು ನಿಜ, ಆದರೆ ತಪ್ಪು ಅಂಗಡಿಯದ್ದಲ್ಲ. ತಿಗಣೆ ಇರುವ ಒಂದು ಸೋಫಾ ಒಳಗೆ ಬಂತೆಂದರೆ ಪಕ್ಕದ ಮಂಚಗಳಿಗೂ ಹಬ್ಬುತ್ತದೆ. ಅಲ್ಲಿ ಕೊಳ್ಳುವವರು ಹೊಸದು ತರುವ ಶಕ್ತಿ ಇಲ್ಲದವರು. ಅವರ ಮನೆಗೆ ತಿಗಣೆ ಸೇರಿಸುವ ಹಕ್ಕು ಯಾವ ದಾನಿಗೂ ಇಲ್ಲ.

ಅಂಗಡಿಯವರು ಕುರ್ಚಿಯನ್ನು ತಲೆಕೆಳಗು ಮಾಡಿಯೇ ನೋಡುವುದು. ನೀವೂ ಮನೆಯಲ್ಲೇ ಹಾಗೆ ನೋಡಿ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಕಾಲಿನ ಗುಂಟ ಮಣ್ಣಿನ ಗೆರೆ ಕಂಡರೆ ಗೆದ್ದಲು ತಿಂದಿದೆ. ಗುಂಡುಸೂಜಿ ತಲೆಯಷ್ಟು ತೂತುಗಳಿದ್ದರೆ ಚೆನ್ನಾಗಿ ಒರೆಸಿ, ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಮೈದಾದಂಥ ಪುಡಿ ಮತ್ತೆ ಉದುರಿದರೆ ಹುಳು ಇನ್ನೂ ಒಳಗಿದೆ.

ಕುರ್ಚಿ ಬರೀ ಅಲ್ಲಾಡುತ್ತಿದ್ದರೆ ಚಿಂತೆಯಿಲ್ಲ. ನಮ್ಮ ಕಡೆಯ ಬೇಸಿಗೆಗೆ ಮರ ಒಣಗಿ, ಕುಗ್ಗಿ ಜಾಯಿಂಟ್ ಸಡಿಲಾಗುತ್ತದೆ. ಕಾಲು ಬಿಚ್ಚಿ, ಹಳೆ ಗೋಂದು ಕೆರೆದು, ಫೆವಿಕಾಲ್ ಹಚ್ಚಿ, ಹಗ್ಗ ಬಿಗಿದು ಒಂದು ದಿನ ಬಿಟ್ಟರೆ ಗಟ್ಟಿಯಾಗುತ್ತದೆ. ಮೊಳೆ ಮಾತ್ರ ಹೊಡೆಯಬೇಡಿ. ಮರ ಸೀಳುತ್ತದೆ, ಆಮೇಲೆ ಬಡಗಿಗೂ ಬಿಚ್ಚಲು ಬರುವುದಿಲ್ಲ. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಕಪಾಟಿಗೆ ಈ ಭಾಗ್ಯವಿಲ್ಲ. ನೀರು ತಾಗಿ ಊದಿದ ಅಂಚು ಇಳಿಯದು, ಒಮ್ಮೆ ಬಿಚ್ಚಿದ ತೂತಿನಲ್ಲಿ ಸ್ಕ್ರೂ ಮತ್ತೆ ಬಿಗಿಯಾಗಿ ನಿಲ್ಲದು. ಚೆನ್ನಾಗಿದ್ದರೆ ಬಿಚ್ಚದೆ ಇಡಿಯಾಗಿಯೇ ಕಳಿಸಿ.

ಮಂಚ ಬಿಚ್ಚಿದರೆ ನಟ್ಟು ಬೋಲ್ಟುಗಳನ್ನು ಒಂದು ಕವರಿಗೆ ಹಾಕಿ ತಲೆಹಲಗೆಗೇ ಟೇಪು ಸುತ್ತಿ. ಒಂದು ಬೋಲ್ಟು ಕಳೆದರೂ ಮಂಚ ಮೂಲೆ ಸೇರುತ್ತದೆ. ಕಬ್ಬಿಣದ ಬೀರುವಿಗೆ ಕೀಲಿಕೈ ಜೊತೆಗಿರಲಿ, ಲಾಕರಿನೊಳಗೆ ಕೈಯಾಡಿಸಿ ನೋಡಿ. ಕನ್ನಡಿಯನ್ನು ಬಿಚ್ಚಿ, ಕಂಬಳಿ ಸುತ್ತಿ, ನಿಲ್ಲಿಸಿಯೇ ಸಾಗಿಸಿ. ಮಲಗಿಸಿದರೆ ಗಾಡಿಯ ಕುಲುಕಾಟಕ್ಕೆ ಒಡೆಯುತ್ತದೆ.

ಅಂಗಡಿಯ ನಿಜವಾದ ಕೊರತೆ ಸಾಗಣೆ. "ಗಾಡಿ ಕಳಿಸ್ತೀವಿ" ಎನ್ನುತ್ತಾರೆ, ಎರಡನೇ ಮಹಡಿಯಿಂದ ಇಳಿಸುವವರು ಯಾರೆಂದು ಹೇಳುವುದಿಲ್ಲ. ಹಮಾಲಿ ಯಾರ ಲೆಕ್ಕಕ್ಕೆ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಹಿಂಬದಿ, ತಳಭಾಗದ ಫೋಟೋ ಮೊದಲೇ ಕಳಿಸಿ. ಬಾಗಿಲಿಗೆ ಬಂದು ಬೇಡವೆಂದು ಹೋದ ಗಾಡಿಯಿಂದ ಇಬ್ಬರಿಗೂ ನಷ್ಟ. ಸಾಗಣೆಯ ಈ ಕೊರತೆಯನ್ನು ಅಂಗಡಿಯವರು ಸರಿಪಡಿಸಿಕೊಳ್ಳಲೇಬೇಕು.

ರಸೀದಿ ಕೊಡುತ್ತಾರೆ, ಆದರೆ ಅದಕ್ಕೆ ದಾನಿಗಳಿಗೆ ಆದಾಯ ತೆರಿಗೆಯಲ್ಲಿ ಸಿಗುವ, 80ಜಿ ಎಂದು ಕರೆಯುವ ರಿಯಾಯಿತಿ ಇಲ್ಲ. ಅದು ಹಣದ ದಾನಕ್ಕೆ ಮಾತ್ರ, ವಸ್ತುಗಳಿಗಲ್ಲ. 2023ರಲ್ಲಿ ಹಳೆ ಸಾಮಾನಿನ ಮರುಬಳಕೆಗೆಂದು ನಗರಗಳಲ್ಲಿ ಶುರುವಾದ ಆರ್‌ಆರ್‌ಆರ್ ಕೇಂದ್ರಗಳು ಬಟ್ಟೆ, ಪುಸ್ತಕ, ಚಪ್ಪಲಿ, ಆಟಿಕೆಗೆಂದು ಆದವು, ಕೇಳದೆ ಮಂಚ ಹೊತ್ತು ಅಲ್ಲಿಗೆ ಹೋಗಬೇಡಿ.

ಗಾದಿಯನ್ನು ಈ ಅಂಗಡಿ ಮುಟ್ಟುವುದಿಲ್ಲ. ಹತ್ತಿಯದಾದರೆ ಹಿಂಜಿಸಿ, ಹೊಸ ಬಟ್ಟೆ ಹೊಲಿಸಿ ಬೇಕಾದವರ ಕೈಗೇ ಕೊಡಬಹುದು. ನೆಂದು ಒಣಗಿದ ಫೋಮ್ ಹಾಸಿಗೆಯನ್ನು ಬೀರುವಿನ ಜೊತೆ ಗಾಡಿಗೆ ಹಾಕಿ ಕಳಿಸಬೇಡಿ.