ಅಮ್ಮನ ವಯಸ್ಸು ಕೇಳಿ ಸುಮ್ಮನಾಗದ ಕ್ಲಿನಿಕ್

ಅಮ್ಮನಿಗೆ 78. ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಹಂತ. ಆಪರೇಷನ್ ಚೆನ್ನಾಗಿಯೇ ಆಯ್ತು. ಆಮೇಲೆ ಕೀಮೋ ಬೇಕಾ ಬೇಡವಾ ಅನ್ನುವಲ್ಲಿ ಸಿಕ್ಕಿಹಾಕಿಕೊಂಡೆವು. ಒಂದು ಕಡೆ ಡಾಕ್ಟರ್ ಫೈಲಿನಲ್ಲಿ ವಯಸ್ಸು ನೋಡಿ, "ಈ ವಯಸ್ಸಲ್ಲಿ ಯಾಕೆ ಹಿಂಸೆ ಕೊಡ್ತೀರಾ" ಅಂದರು. ಇನ್ನೊಂದು ಕಡೆ ಅದಕ್ಕೆ ಉಲ್ಟಾ, ಎರಡು ಔಷಧಿ ಸೇರಿಸಿ ಪೂರ್ತಿ ಡೋಸ್, ಸೋಮವಾರದಿಂದಲೇ ಶುರು ಅಂದರು. ಎರಡೂ ಕಡೆ ಸೇರಿ ಇಪ್ಪತ್ತು ನಿಮಿಷ ಆಗಿರಲಿಲ್ಲ. ಇಬ್ಬರೂ ಮಾತಾಡಿದ್ದು ನನ್ನ ಜೊತೆ. ಅಮ್ಮ ಪಕ್ಕದಲ್ಲೇ ಕೂತಿದ್ದಳು.

ಹೀಗಿರುವಾಗ ಗೊತ್ತಿರುವ ಒಬ್ಬ ನರ್ಸ್, ವಯಸ್ಸಾದ ಕ್ಯಾನ್ಸರ್ ರೋಗಿಗಳಿಗೆ ಅಂತಲೇ ಬೇರೆ ಕ್ಲಿನಿಕ್ ಇದೆ, ಜೆರಿಯಾಟ್ರಿಕ್ ಆಂಕಾಲಜಿ ಅಂತಾರೆ, ಅಲ್ಲಿಗೆ ಹೋಗಿ ನೋಡಿ ಅಂದರು. ಆರು ತಿಂಗಳಿಂದ ಹೋಗ್ತಾ ಇದ್ದೀವಿ. ಹೇಗಿದೆ ಅಂತ ತುಂಬಾ ಜನ ಕೇಳಿದ್ದಕ್ಕೆ ವಿವರವಾಗಿ ಬರೀತಿದ್ದೀನಿ.

ಮೊದಲ ದಿನ ಎರಡು ಗಂಟೆ ಹಿಡಿಯಿತು. ಶುರುವಿಗೆ ಜಿ8 ಅನ್ನುವ ಎಂಟು ಪ್ರಶ್ನೆಗಳ ಫಾರ್ಮ್. 17ಕ್ಕೆ 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೂರ್ತಿ ಪರೀಕ್ಷೆ ಬೇಕು ಅಂತ ಅರ್ಥ. ಅಮ್ಮನಿಗೆ 11 ಬಂತು. ಆಮೇಲೆ ಒಂದೊಂದೇ ನೋಡಿದರು. ಒಂದೇ ಕಾಗದದಲ್ಲಿ ಗಡಿಯಾರ ಬರೆಸಿ ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದರು, ಅದಕ್ಕೂ ಮೊದಲು ಹೇಳಿಕೊಟ್ಟ ಮೂರು ಪದ ಕೊನೆಗೆ ಕೇಳಿದರು. ಗಡಿಯಾರ ಸರಿಯಾಗಿತ್ತು, ಎರಡು ಪದ ನೆನಪಿತ್ತು, ಒಂದು ಮರೆತುಹೋಗಿತ್ತು. ಅದಕ್ಕೇ ಮಾತ್ರೆ ಯಾವಾಗ ಎಷ್ಟು ಅಂತ ದೊಡ್ಡ ಅಕ್ಷರದ ಚಾರ್ಟ್ ಮಾಡಿಕೊಟ್ಟರು.

ನಡಿಗೆಯ ಪರೀಕ್ಷೆ ನೋಡೋಕೆ ತೀರಾ ಸುಲಭ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ನರ್ಸ್ ಗಡಿಯಾರ ಹಿಡಿದು ನಿಂತಿದ್ದರು. ಅಮ್ಮ ಎರಡೂ ಅಂಗೈ ಕುರ್ಚಿಯ ಕೈಗೆ ಊರಿ, ಒಂದು ಸಲ ಮುಂದಕ್ಕೆ ತೂಗಿ, ಎರಡನೇ ಸಲಕ್ಕೆ ಎದ್ದಳು. ತಿರುಗುವಾಗ ಸಣ್ಣ ಸಣ್ಣ ನಾಲ್ಕು ಹೆಜ್ಜೆ. 16 ಸೆಕೆಂಡ್. ದಿನಾ ಮನೆಯಲ್ಲಿ ನೋಡ್ತಾನೇ ಇದ್ದೆ, ಆದರೆ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಬೀಳುವ ಅಪಾಯ ಇದೆ ಅಂತ ಅವತ್ತೇ ಫಿಸಿಯೋಥೆರಪಿಗೆ ಬರೆದರು.

ಆಮೇಲೆ ಮಾತ್ರೆಗಳ ಚೀಲ. ಮನೆಯಲ್ಲಿ ಇರೋದನ್ನೆಲ್ಲ ತನ್ನಿ ಅಂದಿದ್ದರು. ಮೇಜಿನ ಮೇಲೆ ಸುರಿದರೆ ಹನ್ನೊಂದು ಥರ. ಅದರಲ್ಲಿ ಅಸಿಡಿಟಿ ಮಾತ್ರೆ ಎರಡು, ಹೆಸರು ಬೇರೆ, ಒಳಗಿರೋದು ಒಂದೇ ಔಷಧಿ! ಅಲರ್ಜಿಯ ಹಳೇ ಮಾತ್ರೆ ವಯಸ್ಸಾದವರಿಗೆ ಮಂಕು ಹಿಡಿಸುತ್ತದೆ ಅಂತ ತೆಗೆದರು. ನಿದ್ದೆ ಮಾತ್ರೆ ಒಮ್ಮೆಲೇ ನಿಲ್ಲಿಸಬಾರದು, ನಿಧಾನಕ್ಕೆ ಇಳಿಸೋಣ ಅಂದರು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತಾಗ 24 ಇಳಿದಿತ್ತು. ಬೆಳಿಗ್ಗೆ ಎದ್ದ ಕೂಡಲೇ ತಲೆ ಸುತ್ತುತ್ತೆ ಅಂತ ಅಮ್ಮ ಒಂದು ವರ್ಷದಿಂದ ಹೇಳ್ತಾ ಇದ್ದಳು, ನಾವೆಲ್ಲ ವಯಸ್ಸು ಅಂದುಕೊಂಡು ಸುಮ್ನೆ ಇದ್ದೆವು. ಬಿಪಿ ಮಾತ್ರೆ ಅರ್ಧ ಮಾಡಿದರು.

ಕಿಡ್ನಿಯ ವಿಷಯ ಇನ್ನೂ ಮುಖ್ಯ. ಕ್ರಿಯಾಟಿನಿನ್, ಅಂದರೆ ಮಾಂಸಖಂಡದಿಂದ ರಕ್ತಕ್ಕೆ ಬಂದು ಕಿಡ್ನಿ ಹೊರಹಾಕುವ ಕಸ, 0.9 ಇತ್ತು, ಲ್ಯಾಬ್ ರಿಪೋರ್ಟಿನಲ್ಲಿ ನಾರ್ಮಲ್ ಅಂತಲೇ ಇತ್ತು. ವಯಸ್ಸಾದವರ ಮೈಯಲ್ಲಿ ಮಾಂಸಖಂಡ ಕಡಿಮೆ, ಹಾಗಾಗಿ ಕ್ರಿಯಾಟಿನಿನ್ ತಯಾರಾಗೋದೇ ಕಡಿಮೆ, ಆ ನಂಬರ್ ಒಂದನ್ನೇ ನಂಬಬಾರದು ಅಂದರು ಡಾಕ್ಟರ್. ವಯಸ್ಸು, 48 ಕೆಜಿ ತೂಕ ಎಲ್ಲ ಹಾಕಿ ನಮ್ಮ ಮುಂದೆಯೇ ಲೆಕ್ಕ ಮಾಡಿದರೆ ಕ್ಲಿಯರೆನ್ಸ್, ಅಂದರೆ ಕಿಡ್ನಿ ರಕ್ತ ಸೋಸುವ ವೇಗ, ನಿಮಿಷಕ್ಕೆ 39 ಮಿಲಿ ಬಂತು. ಕ್ಯಾಪೆಸಿಟಾಬೈನ್ ಅನ್ನುವ ಕೀಮೋ ಮಾತ್ರೆಯನ್ನು 30ರಿಂದ 50ರ ಒಳಗೆ ಇದ್ದರೆ ಮುಕ್ಕಾಲು ಡೋಸ್‌ನಿಂದ ಶುರು ಮಾಡಬೇಕು, 30ಕ್ಕಿಂತ ಕೆಳಗಾದರೆ ಕೊಡಲೇಬಾರದು. ಆ ಸೋಮವಾರ ಪೂರ್ತಿ ಡೋಸ್ ಶುರು ಮಾಡಿಸಿದ್ದರೆ ಏನಾಗ್ತಿತ್ತೋ, ನೆನೆಸಿಕೊಂಡರೆ ಇವತ್ತಿಗೂ ಎದೆ ಝಲ್ ಅನ್ನುತ್ತೆ.

ಇಷ್ಟೆಲ್ಲ ಆದ ಮೇಲೆ ಡಾಕ್ಟರ್ ತಮ್ಮ ಕುರ್ಚಿ ಎಳೆದುಕೊಂಡು ಅಮ್ಮನ ಬಲಗಿವಿಯ ಕಡೆ ಕೂತರು. ಎಡಗಿವಿ ಅವಳಿಗೆ ಕೇಳಲ್ಲ, ಅದನ್ನೂ ಗಮನಿಸಿದ್ದರು. "ಅಮ್ಮಾ, ನಿಮಗೆ ಯಾವುದು ಮುಖ್ಯ? ಯಾವುದನ್ನ ಕಳಕೊಳ್ಳೋಕೆ ಇಷ್ಟ ಇಲ್ಲ?" ಅಂತ ಕೇಳಿದರು. ನಾನು ಬಾಯಿ ತೆರೆಯೋದಕ್ಕೆ ಹೋದೆ. ಅವರು ಕೈ ಎತ್ತಿ ತಡೆದರು. ಅಮ್ಮ ಸ್ವಲ್ಪ ಹೊತ್ತು ತನ್ನ ಬೆರಳು ನೋಡಿಕೊಂಡು, "ಬಾತ್‌ರೂಮಿಗೆ ನಾನೇ ಹೋಗಬೇಕು. ಹೊಲಿಗೆ ಬಿಡಲ್ಲ. ಸೂಜಿಗೆ ದಾರ ಇವತ್ತಿಗೂ ನಾನೇ ಪೋಣಿಸ್ತೀನಿ" ಅಂದಳು.

ತೀರ್ಮಾನ ಆಗಿದ್ದು ಅಲ್ಲೇ. ಎರಡನೇ ಔಷಧಿ ಆಕ್ಸಾಲಿಪ್ಲಾಟಿನ್ ಬೆರಳು, ಪಾದ ಜೋಮು ಹಿಡಿಸುತ್ತದೆ, ಕೆಲವರಿಗೆ ಅದು ಹೋಗುವುದೇ ಇಲ್ಲ, ಪಾದ ಜೋಮಾದರೆ ಬೀಳೋದೂ ಜಾಸ್ತಿ. 70 ದಾಟಿದವರಿಗೆ ಆಪರೇಷನ್ ನಂತರ ಅದನ್ನು ಸೇರಿಸೋದರಿಂದ ಆಗುವ ಹೆಚ್ಚಿನ ಲಾಭ ಕಡಿಮೆ. ಹಾಗಾಗಿ ಮಾತ್ರೆ ಒಂದೇ ಸಾಕು ಅಂತ ಅಮ್ಮನೇ ಒಪ್ಪಿದಳು. ಎರಡು ವಾರ ಮಾತ್ರೆ, ಒಂದು ವಾರ ಬಿಡುವು, ಹೀಗೆ ಎಂಟು ಸುತ್ತು.

ಸಲೀಸಾಗಿ ನಡೀತು ಅಂತ ಹೇಳಲ್ಲ. ಮೂರನೇ ಸುತ್ತಿನಲ್ಲಿ ಅಂಗೈ ಕೆಂಪಾಗಿ ಸಿಪ್ಪೆ ಎದ್ದಿತು, ಈ ಮಾತ್ರೆಗೆ ಹಾಗಾಗುತ್ತೆ ಅಂತ ಮೊದಲೇ ಹೇಳಿದ್ದರು. ಫೋನ್ ಮಾಡಿದೆ, ಅವತ್ತೇ ಮಾತ್ರೆ ನಿಲ್ಲಿಸಿ ಅಂದರು, ವಾಸಿಯಾದ ಮೇಲೆ ಡೋಸ್ ಇನ್ನೂ ಸ್ವಲ್ಪ ಇಳಿಸಿದರು. ಎರಡು ವಾರ ಸೂಜಿ ಹಿಡಿಯೋಕೆ ಆಗಲಿಲ್ಲ, ಆಮೇಲೆ ಹಿಡಿದಳು. ಭೇದಿ ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಜಾಸ್ತಿ ಆದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ ಅಂತಲೂ ಹೇಳಿದ್ದಾರೆ. ಇನ್ನೊಂದು ಮಾತು ನನಗೆ ಹೊಸದು. ವಯಸ್ಸಾದವರಿಗೆ ಸೋಂಕು ಆದರೂ ಜ್ವರ ಬರದೇ ಇರಬಹುದಂತೆ. ಇದ್ದಕ್ಕಿದ್ದ ಹಾಗೆ ಮಾತು ತಡವರಿಸಿದರೆ, ದಿಕ್ಕು ತಪ್ಪಿದವರ ಹಾಗೆ ಆಡಿದರೆ ತಕ್ಷಣ ಕರಕೊಂಡು ಬನ್ನಿ ಅಂದರು. ಆ ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೀನಿ.

ಇದೆಲ್ಲ ಬರೀ ಒಳ್ಳೆ ಮನಸ್ಸಿನ ಮಾತು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 70 ದಾಟಿದ, ಕ್ಯಾನ್ಸರ್ ಹರಡಿದ 718 ಜನರ ಮೇಲೆ ಮಾಡಿದ ದೊಡ್ಡ ಅಧ್ಯಯನ 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮಾಮೂಲಿ ಚಿಕಿತ್ಸೆಯಲ್ಲಿ ನೂರಕ್ಕೆ 71 ಜನರಿಗೆ ತೀವ್ರವಾದ ಅಡ್ಡ ಪರಿಣಾಮ ಆಗಿತ್ತು. ಇಂಥ ಪರೀಕ್ಷೆಯ ವರದಿ ಡಾಕ್ಟರ ಕೈಗೆ ಕೊಟ್ಟ ಕಡೆ 51. ಬೀಳೋದೂ ಕಡಿಮೆಯಾಗಿತ್ತು. ಆರು ತಿಂಗಳ ಹೊತ್ತಿಗೆ ಬದುಕಿದ್ದವರ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಕೊರತೆಗಳೂ ಇವೆ. ಫಾರ್ಮಿನ ಅಕ್ಷರ ಇರುವೆ ಸಾಲಿನಂತಿದೆ, ಎಂಬತ್ತರ ಹತ್ತಿರದವರು ಓದಬೇಕಾದ ಕಾಗದ ಅದು, ಇದು ನನಗೆ ನಿಜವಾಗಲೂ ಬೇಜಾರಾಯ್ತು. ಸಂಜೆ ಐದರ ಮೇಲೆ ನರ್ಸ್ ಫೋನ್ ಎತ್ತಲ್ಲ, ಎಮರ್ಜೆನ್ಸಿಗೆ ಹೋಗಬೇಕು, ಅಲ್ಲಿಯವರಿಗೆ ನಮ್ಮ ಕಥೆ ಮೊದಲಿಂದ ಹೇಳಬೇಕು. ನಾಲ್ಕನೇ ಸಲ ಎರಡು ಗಂಟೆ ಕಾಯಿಸಿದರು. ಬಂದವರೆಲ್ಲ ವಯಸ್ಸಾದವರೇ, ಅಷ್ಟು ಹೊತ್ತು ಕೂರೋದು ಕಷ್ಟ ಅಲ್ವಾ?

ಆದರೂ ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಮೊದಲ ದಿನ ನನ್ನನ್ನು ಹೊರಗೆ ಕಳಿಸಿ ಅಮ್ಮನ ಹತ್ತಿರ ಒಬ್ಬಳೇ ಇರುವಾಗ ಮನಸ್ಸು ಹೇಗಿದೆ ಅಂತ ಕೇಳಿದ್ದರು. ಆಮೇಲೆ ಸೋಷಿಯಲ್ ವರ್ಕರ್ ನನ್ನ ಹತ್ತಿರ ಬಂದು, "ನೀವು ರಾತ್ರಿ ನಿದ್ದೆ ಮಾಡ್ತಿಲ್ಲವಂತೆ, ಅಮ್ಮ ಹೇಳಿದ್ರು" ಅಂದರು. ತನ್ನ ಬಗ್ಗೆ ಕೇಳಿದರೆ ಅವಳು ಹೇಳಿದ್ದು ನನ್ನ ವಿಷಯ. ವಾರಕ್ಕೆ ಎರಡು ರಾತ್ರಿ ಅಣ್ಣ ಬಂದು ಮಲಗುವ ವ್ಯವಸ್ಥೆ ಆಗಿದ್ದು ಅವರು ಅಣ್ಣನಿಗೆ ಫೋನ್ ಮಾಡಿದ ಮೇಲೆ.

ಆರು ಸುತ್ತು ಮುಗಿದಿವೆ. ಹೋದ ವಾರದ ನಡಿಗೆ 12 ಸೆಕೆಂಡ್.

ಹೋಗುವವರು ಮನೆಯಲ್ಲಿರುವ ಮಾತ್ರೆ, ಸಿರಪ್, ಚೂರ್ಣ ಯಾವುದನ್ನೂ ಬಿಡದೆ ಚೀಲಕ್ಕೆ ಹಾಕಿ. ಕನ್ನಡಕ, ಕಿವಿಯ ಮಷೀನ್, ದಿನಾ ಹಾಕುವ ಚಪ್ಪಲಿಯೇ ಇರಲಿ, ನಡೆಸಿ ನೋಡ್ತಾರೆ. ಬೇಗ ಹೋಗಿ. ಕಾಯುವ ಜಾಗದಲ್ಲಿ ಕೈ ಇರುವ ಕುರ್ಚಿ ನಾಲ್ಕೇ ಇವೆ.