ಡಿಸೈನ್ ಥಿಂಕಿಂಗ್: ಸ್ಥಳೀಯ ಆಡಳಿತದ ಕಚೇರಿಯಲ್ಲಿ ಹಲವು ವರ್ಷ ಬಳಸಿದ ಮೇಲೆ

ಸ್ಥಳೀಯ ಆಡಳಿತದ ನಾಗರಿಕ ಸೇವಾ ವಿಭಾಗದಲ್ಲಿ ನಾವು ಡಿಸೈನ್ ಥಿಂಕಿಂಗ್ ಪದ್ಧತಿಯನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇವೆ. ಅಂದರೆ, ಸೇವೆ ಬಳಸುವ ಜನರನ್ನು ಮೊದಲು ಗಮನಿಸಿ, ಅವರ ತೊಡಕು ಅರಿತು, ಪರಿಹಾರವನ್ನು ಚಿಕ್ಕದಾಗಿ ಪರೀಕ್ಷಿಸಿ ತಿದ್ದಿಕೊಳ್ಳುವ ವಿಧಾನ. ನಿಮ್ಮ ಕಚೇರಿಯಲ್ಲೂ ತರಬೇಕು ಅಂತಿದ್ದರೆ ಖಂಡಿತ ತನ್ನಿ. ಆದರೆ ನಿಯಮ ಬದಲಿಸುವ ಅಧಿಕಾರ ಇರುವವರನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇದಕ್ಕೆ ಹಲವು ಮಾದರಿಗಳಿವೆ. ಸ್ಟ್ಯಾನ್‌ಫರ್ಡ್‌ನ ವಿನ್ಯಾಸ ಶಾಲೆ ಡಿ.ಸ್ಕೂಲ್ ಇದನ್ನು ಐದು ಹಂತಗಳಲ್ಲಿ ಕಲಿಸುತ್ತದೆ. ನಮಗೆ ಒಗ್ಗಿದ್ದು ಬ್ರಿಟನ್ನಿನ ಡಿಸೈನ್ ಕೌನ್ಸಿಲ್ 2005ರಲ್ಲಿ ಮುಂದಿಟ್ಟ ಡಬಲ್ ಡೈಮಂಡ್, ಅಂದರೆ ಎರಡು ವಜ್ರಾಕೃತಿಗಳ ಮಾದರಿ: ಮೊದಲನೆಯದು ಸಮಸ್ಯೆ ತಿಳಿಯಲು, ಎರಡನೆಯದು ಪರಿಹಾರ ಹುಡುಕಲು. ಅದರಲ್ಲಿ ಅರ್ಧ ಕೆಲಸ ಬರೀ ಸಮಸ್ಯೆ ಏನೆಂದು ತಿಳಿಯುವುದೇ. ಕಚೇರಿಗೆ ಒಂದು ದೂರು ಬಂದ ಕೂಡಲೇ 'ಒಂದು ಆ್ಯಪ್ ಮಾಡಿಸೋಣ', 'ಇನ್ನೊಂದು ಕೌಂಟರ್ ತೆರೆಯೋಣ' ಅನ್ನುವ ಮಾತು ಏಳುತ್ತದೆ ಅಲ್ವಾ, ಆ ಆತುರಕ್ಕೆ ಇದು ತಡೆ ಹಾಕುತ್ತದೆ.

ನನಗೆ ಅತಿ ಹೆಚ್ಚು ಕಲಿಸಿದ್ದು ಸುಮ್ನೆ ನಿಂತು ನೋಡುವ ಹಂತ. ಜನನ ಪ್ರಮಾಣಪತ್ರಕ್ಕೆ ಬಂದವರಲ್ಲಿ ಅನೇಕರು ಕಾಗದ ಸಾಲದೆ ವಾಪಸ್ ಹೋಗುತ್ತಿದ್ದರು. ಬೇಕಾದ ದಾಖಲೆಗಳ ಪಟ್ಟಿಯನ್ನು ಅರ್ಜಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿದ್ದೆವು. ಅದನ್ನು ಯಾರೂ ತಿರುಗಿಸಿ ನೋಡುತ್ತಿರಲಿಲ್ಲ. ಒಳಗೆ ವಿಚಾರಣೆ ಕೌಂಟರ್ ಇದ್ದರೂ ಜನ ಮೊದಲು ಕೇಳುತ್ತಿದ್ದದ್ದು ಬಾಗಿಲಲ್ಲಿದ್ದ ಕಾವಲುಗಾರರನ್ನು. ನಿಜವಾದ ಮಾಹಿತಿ ಕೇಂದ್ರ ಅವರೇ ಆಗಿದ್ದರು! ಅವರ ಕೈಗೆ ದಪ್ಪ ಅಕ್ಷರದ ಪಟ್ಟಿ ಕೊಟ್ಟೆವು. ಏನು ಹೇಳಬೇಕು ಅಂತ ಅವರ ಜೊತೆ ಕೂತು ಮಾತಾಡಿದೆವು. ಬರಿಗೈಲಿ ಹಿಂದಿರುಗುವವರು ಕಡಿಮೆಯಾದರು.

ಹೊಸ ಅರ್ಜಿಗಳನ್ನು ಮೊದಲು ಕೈಯಲ್ಲೇ ಬರೆದು, ಜೆರಾಕ್ಸ್ ಮಾಡಿ, ಸಾಲಿನಲ್ಲಿ ನಿಂತವರಿಗೆ ಕೊಟ್ಟು ತುಂಬಿಸಿ ನೋಡುತ್ತೇವೆ. ಐದು ಜನರ ಮೇಲೆ ಪರೀಕ್ಷಿಸಿದರೆ ಸಾಕು ಅಂತ ಬಳಕೆಯ ಸುಲಭತೆಯ ತಜ್ಞ ಯೇಕಬ್ ನೀಲ್ಸನ್ 2000ದಲ್ಲಿ ಬರೆದಿದ್ದರು. ದೊಡ್ಡ ತೊಡಕುಗಳು ಅಷ್ಟರಲ್ಲೇ ಸಿಕ್ಕುತ್ತವೆ, ನಿಜ. ಆದರೆ ನಮ್ಮಲ್ಲಿಗೆ ಎಲ್ಲ ಬಗೆಯವರೂ ಬರುತ್ತಾರೆ. ಓದಲು ಬಾರದವರು, ವಯಸ್ಸಾದವರು, ಬೇರೆಯವರ ಪರವಾಗಿ ಬಂದವರು, ಹೀಗೆ ಪ್ರತಿ ಗುಂಪಿನಲ್ಲೂ ಕೆಲವರನ್ನು ನೋಡಲೇಬೇಕು. ಕಚೇರಿಗೆ ಬರುವುದನ್ನೇ ಬಿಟ್ಟುಬಿಟ್ಟವರು ಈ ಪರೀಕ್ಷೆಗೆ ಸಿಕ್ಕುವುದೇ ಇಲ್ಲ. ಅವರಿರುವ ಕಡೆಗೇ ಹೋಗಬೇಕು.

ಈಗ ಕಷ್ಟದ ಭಾಗ. ನೀರಿನ ಸಂಪರ್ಕದ ಅರ್ಜಿಯನ್ನು ಚಿಕ್ಕದು ಮಾಡಿದೆವು. ಜನರಿಗೆ ಸುಲಭವಾಯಿತು. ಫೈಲ್ ಮಾತ್ರ ಹಳೆಯ ಮೇಜಿನ ಮೇಲೆ ಹಳೆಯ ಹಾಗೇ ಕೂತಿತ್ತು. ಕಾರಣ ಹುಡುಕಿದಾಗ, ನಾವು ಕೇಳುತ್ತಿದ್ದ ಒಂದು ದಾಖಲೆಯನ್ನು ಕೊಡುವುದು ನಮ್ಮದೇ ಇನ್ನೊಂದು ವಿಭಾಗ ಅಂತ ತಿಳಿಯಿತು. ಅರ್ಜಿದಾರರು ಒಂದು ಕೋಣೆಯಲ್ಲಿ ಕಾಗದ ಪಡೆದು ಪಕ್ಕದ ಕೋಣೆಗೆ ತಂದು ಕೊಡುತ್ತಿದ್ದರು. ಇದನ್ನು ಕೈಬಿಡಲು ಬೇಕಿದ್ದದ್ದು ಒಂದು ಸುತ್ತೋಲೆ. ಹೊಸ ಅರ್ಜಿ ರೂಪಿಸಿದ್ದಕ್ಕಿಂತ ಎಷ್ಟೋ ಜಾಸ್ತಿ ಸಮಯ ಆ ಸುತ್ತೋಲೆಗೆ ಹಿಡಿಯಿತು. ಆದರೂ ನಾವು ಮಾಡಿದ್ದರಲ್ಲಿ ಜನರಿಗೆ ಅತಿ ಹೆಚ್ಚು ಅನುಕೂಲವಾದದ್ದು ಅದರಿಂದಲೇ ಅಂತ ನನಗೆ ಅನಿಸುತ್ತದೆ. ಅರ್ಜಿ ಎಷ್ಟು ಚೆನ್ನಾಗಿದ್ದರೂ ಬೇಡದ ಕಾಗದ ಕೇಳುವುದನ್ನು ಬಿಡದಿದ್ದರೆ ಅಲೆದಾಟ ತಪ್ಪುವುದಿಲ್ಲ.

ಗೋಡೆ ತುಂಬ ಬಣ್ಣದ ಚೀಟಿ ಅಂಟಿಸುವ ಒಂದು ದಿನದ ಕಾರ್ಯಾಗಾರಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಕೌಂಟರ್ ಹತ್ತಿರ ನಿಂತು ನೋಡದೆ ಅಂಟಿಸಿದ ಚೀಟಿಯಲ್ಲಿ ಇರುವುದು ನಮ್ಮ ಊಹೆ ಅಷ್ಟೇ.

ಇದಕ್ಕೆಂದೇ ಬೇರೆ ತಂಡ ಕಟ್ಟುವ ಮುಂಚೆಯೂ ಯೋಚಿಸಿ. ಡೆನ್ಮಾರ್ಕ್ ಸರ್ಕಾರದ ಮೈಂಡ್‌ಲ್ಯಾಬ್ ಅನ್ನುವ ತಂಡ ಈ ಕೆಲಸಕ್ಕೆ ಲೋಕದಲ್ಲೆಲ್ಲ ಹೆಸರಾಗಿತ್ತು. 2002ರಲ್ಲಿ ಶುರುವಾದ ಅದನ್ನೂ 2018ರಲ್ಲಿ ಮುಚ್ಚಿದರು. ನಮ್ಮಲ್ಲಿ ಉತ್ಸಾಹದಿಂದ ದುಡಿದವರಿಗೆ ವರ್ಗಾವಣೆಯಾದಾಗ ಕೆಲಸ ನಿಂತೇಹೋಗಿತ್ತು. ಆಮೇಲೆ ಕೌಂಟರ್‌ನಲ್ಲಿ ಕೂರುವ ಗುಮಾಸ್ತರಿಗೇ ಕಲಿಸಿದೆವು. ಯಾವ ಪ್ರಶ್ನೆಗೆ ಜನ ತಡವರಿಸಿದರು, ಯಾವ ಬದಲಾವಣೆ ಕೆಲಸಕ್ಕೆ ಬರಲಿಲ್ಲ ಅನ್ನುವುದನ್ನೆಲ್ಲ ಒಂದು ರಿಜಿಸ್ಟರ್‌ನಲ್ಲಿ ಬರೆದಿಡುತ್ತಾರೆ. ಹೊಸಬರು ಅದನ್ನು ಓದಿ ಮುಂದುವರಿಸುತ್ತಾರೆ.

ಈಗ ವ್ಯಾಪಾರ ಪರವಾನಗಿ ನವೀಕರಣವನ್ನು ಕೈಗೆತ್ತಿಕೊಂಡಿದ್ದೇವೆ. ಈ ಸಲ ಸಹಿ ಹಾಕುವ ಅಧಿಕಾರಿಗಳೂ ನಮ್ಮ ಜೊತೆ ಕೌಂಟರ್ ಪಕ್ಕದಲ್ಲಿ ನಿಂತು ನೋಡುತ್ತಿದ್ದಾರೆ. ಯಾವ ದಾಖಲೆ ಬೇಡ ಅನ್ನುವ ಚರ್ಚೆ ಆಗಲೇ ಶುರುವಾಗಿದೆ.