ಹೊಳೇಲಿ ನಿಲ್ಲೋ ಟ್ರೈಪಾಡು: 2022ರಿಂದ ಬಳಸ್ತಿರೋನ ಮಾತು

ಬಾಕ್ಸ್ ಒಡೆದು ಎರಡು ದಿನಕ್ಕೆ ಐದು ಸ್ಟಾರ್ ಒತ್ತೋ ರಿವ್ಯೂ ಅಲ್ಲ ಇದು. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933 ಆದ್ಮೇಲೆ ಅದೇ ಮೊದ್ಲು, ಇಡೀ ಜಿಲ್ಲೆ ಹಿರಿಯೂರು ಕಡೆ ಗಾಡಿ ತಿರುಗಿಸಿತ್ತು ನೋಡ್ರಿ, ಆ ಟೈಮಲ್ಲಿ ತಗೊಂಡ ಅಲ್ಯೂಮಿನಿಯಂ ಟ್ರೈಪಾಡ್ ಇದು, ಅಂದ್ರೆ ಕ್ಯಾಮೆರಾ ನಿಲ್ಸೋ ಮೂರು ಕಾಲಿನ ಸ್ಟ್ಯಾಂಡು. ನಾಲ್ಕು ಸೆಕ್ಷನ್ ಕಾಲು, ಎತ್ತಿ ಒತ್ತೋ ಲಿವರ್ ಲಾಕು, ಜೊತೆಗೇ ಬಂದ ಬಾಲ್ ಹೆಡ್ಡು (ಮೇಲೆ ಕ್ಯಾಮೆರಾ ಕೂರಿಸಿ ಎತ್ತ ಬೇಕೋ ಅತ್ತ ತಿರುಗಿಸೋ ಭಾಗ), ತೂಕ ಎರಡು ಕೆಜಿಗೆ ಸ್ವಲ್ಪ ಕಮ್ಮಿ, ರೇಟು ಐದು ಸಾವಿರದೊಳಗೆ. ಕಂಪನಿ ಹೆಸ್ರು ಬರೆಯಲ್ಲ, ಯಾಕಂದ್ರೆ ಇದೇ ಮಾಲು ನಾಲ್ಕೈದು ಬೇರೆ ಬೇರೆ ಸ್ಟಿಕ್ಕರ್ ಹಚ್ಕೊಂಡು ಮಾರಾಟ ಆಗ್ತೈತೆ, ನೀವು ಅಂಗಡಿಗೆ ಹೋಗೋ ಹೊತ್ತಿಗೆ ಹೆಸ್ರೇ ಬದಲಾಗಿರ್ತೈತೆ. ಕಾಲು ಹೆಂಗೈತೆ, ಲಾಕ್ ಹೆಂಗೈತೆ ಅಂತ ನೋಡೋದು ಗೊತ್ತಿದ್ರೆ ಸಾಕು.

ದಾವಣಗೆರೆಯೋನಿಗೆ ಬೆಟ್ಟದ ಹೊಳೆ ಎಲ್ಲಿಂದ ಬಂತು ಅಂತ ಕೇಳ್ತೀರ. ನಮ್ಮದು ಬಯಲು ಸೀಮೆ ನಿಜ, ಆದ್ರೆ ಹರಿಹರದಲ್ಲಿ ಸೇತುವೆ ಕೆಳಗೆ ಹರಿಯೋ ನೀರು ಹುಟ್ಟೋದು ಕುದುರೆಮುಖದ ಹತ್ರ ಗಂಗಾಮೂಲದಲ್ಲಿ. ತುಂಗಾ ಒಂದು ಕಡೆ ಭದ್ರಾ ಒಂದು ಕಡೆ ಇಳಿದು ಕೂಡ್ಲಿಯಲ್ಲಿ ಸೇರಿ, ಹೊನ್ನಾಳಿ ದಾಟಿ ಹರಿಹರಕ್ಕೆ ಬರ್ತಾವೆ. ಆ ಕಡೆ ಚಿತ್ರದುರ್ಗದೋರ ವೇದಾವತಿನೂ ಬಾಬಾಬುಡನ್‌ಗಿರಿಯಿಂದ ಇಳಿದ ವೇದಾ, ಅವತಿ ಕಡೂರು ಹತ್ರ ಕೂಡಿ ಆಗಿದ್ದು. ಹಂಗಾಗಿ ನಮ್ಮ ರಜಾ ದಿನದ ಕಾರ್ಯಕ್ರಮ ಅಂದ್ರೆ ಹೊಳೆ ಹಿಡ್ಕೊಂಡು ಮೇಲಕ್ಕೆ ಹೋಗೋದು. ಬೆಳಗ್ಗೆ ನಾಲ್ಕಕ್ಕೆ ಊರು ಬಿಟ್ರೆ ಶಿವಮೊಗ್ಗದಲ್ಲಿ ಚಾ, ಮಧ್ಯಾಹ್ನದೊಳಗೆ ಶೃಂಗೇರಿ ಆಚೆ ಕಿಗ್ಗದ ಸಿರಿಮನೆ ಫಾಲ್ಸೋ, ಕಳಸದ ಕಡೆ ಯಾವುದಾದ್ರೂ ಹಳ್ಳವೋ. ಮಳೆಗಾಲದಲ್ಲಿ ಹರಿಹರದ ಹೊಳೆ ಫೋಟೋಗೆ ಅಷ್ಟು ಚೆನ್ನಾಗಿ ಬರಲ್ಲ, ಕೆಂಪು ನೀರನ್ನ ಎರಡು ಸೆಕೆಂಡ್ ಶಟರ್ ತೆರೆದಿಟ್ಟು ತೆಗೆದ್ರೆ ಚಾ ಚೆಲ್ಲಿದಂಗೆ ಕಾಣ್ತೈತೆ. ಅದೇ ನೀರು ಮೇಲ್ಗಡೆ ಕಾಡಲ್ಲಿ ಬಂಡೆ ಮಧ್ಯ ಇಳಿಯೋವಾಗ ಬೆಳ್ಳಗೆ ರೇಷ್ಮೆ ಎಳೆ.

ಈಗ ವಿಷಯಕ್ಕೆ ಬರ್ತೀನಿ. ಆನ್‌ಲೈನಲ್ಲಿ ಟ್ರೈಪಾಡ್ ಹುಡುಕಿದ್ರೆ ಎಲ್ಲರೂ ಹೇಳೋದು ಎರಡೇ, ಎಷ್ಟು ಕೆಜಿ ಕ್ಯಾಮೆರಾ ತಡೀತೈತೆ, ಟ್ರೈಪಾಡ್ ತೂಕ ಎಷ್ಟು ಕಮ್ಮಿ. ಹೊಳೇಲಿ ಎರಡೂ ಕೆಲ್ಸಕ್ಕೆ ಬರಲ್ಲ. ಎಂಟು ಕೆಜಿ ತಡೀತೈತೆ ಅಂತ ಬರ್ಕೊಂಡಿರೋದು ಅಂಗಡಿ ಟೈಲ್ಸ್ ಮೇಲೆ ನಿಲ್ಲಿಸಿದಾಗಿನ ಮಾತು. ಮೊಣಕಾಲುದ್ದ ಹರಿಯೋ ನೀರಲ್ಲಿ ನಿಲ್ಲಿಸಿದ್ರೆ ನೀರು ಕಾಲಿಗೆ ಬಡಿದು ಸಣ್ಣಗೆ ನಡುಗಿಸ್ತೈತೆ, ಕಣ್ಣಿಗೆ ಕಾಣಲ್ಲ, ಕೈ ಇಟ್ಟು ನೋಡಿದ್ರೆ ಗೊತ್ತಾಗ್ತೈತೆ. ಅರ್ಧ ಸೆಕೆಂಡ್ ಶಟರ್‌ಗೆ ಅಷ್ಟು ನಡುಕ ಸಾಕು ಫೋಟೋ ಹಾಳಾಗೋಕೆ. ನೀರು ಮಸುಕಾದ್ರೆ ಚೆಂದ, ಪಕ್ಕದ ಬಂಡೆ ಮೇಲಿನ ಪಾಚಿ ಮಸುಕಾದ್ರೆ ಡಿಲೀಟ್. ಹಂಗಾಗಿ ತೆಗೆದ ಕೂಡ್ಲೇ ಸ್ಕ್ರೀನಲ್ಲಿ ಬಂಡೆನ ಪೂರ್ತಿ ಜೂಮ್ ಮಾಡಿ ನೋಡ್ರಿ, ನೀರನ್ನಲ್ಲ.

ಈ ಟ್ರೈಪಾಡ್ ಆ ಪರೀಕ್ಷೆಲಿ ಪಾಸ್ ಆಗೋಕೆ ಕಾರಣ ಇದರ ತೂಕವೇ. ನನ್ನ ಜೊತೆ ಬರೋ ಮಾವನ ಮಗ ಒಂದು ಕಾರ್ಬನ್ ಫೈಬರ್ ಟ್ರೈಪಾಡ್ ತಂದ, ರೇಟು ನಂದರ ನಾಲ್ಕು ಪಟ್ಟು, ಎತ್ತಿದ್ರೆ ಹೂವು. ಕಾರ್ಬನ್ ಕಂಪನ ಬೇಗ ಹೀರ್ಕೊಳ್ತೈತೆ ಅನ್ನೋದು ಸುಳ್ಳಲ್ಲ, ಬೆಟ್ಟ ಹತ್ತೋವಾಗ ಅವನ ಮುಖ ನಗ್ತಿರ್ತೈತೆ ನಂದು ಬೆವರ್ತಿರ್ತೈತೆ, ಆದ್ರೆ ಸೆಳವಿಗೆ ಇಳಿಸಿದ ಮೇಲೆ ಅವನು ಒಂದು ಕೈಯಲ್ಲಿ ಅದನ್ನ ಒತ್ತಿ ಹಿಡ್ಕೊಂಡೇ ಇರ್ಬೇಕು. "ಲೇ, ನಿಂದು ಕೊಡೋ ಐದು ನಿಮಿಷ" ಅಂತ ಕೇಳೋದು ಅವನೇ.

ತೂಕ ಒಂದೇ ಸಾಕಾಗಲ್ಲ, ನಿಲ್ಸೋ ರೀತಿನೂ ಐತೆ. ನಾಲ್ಕನೇ ಸೆಕ್ಷನ್ ಬೆರಳು ದಪ್ಪ ಇರೋದು, ಅದನ್ನ ಕೊನೆಗೆ ಎಳೀರಿ, ಬೇಡ ಅಂದ್ರೆ ಎಳೀಲೇ ಬ್ಯಾಡ್ರಿ. ನೀರಲ್ಲಿ ಮಾತ್ರ ನಾನು ಉಲ್ಟಾ ಮಾಡ್ತೀನಿ, ಕೆಳಗಿನ ಸಣ್ಣ ಸೆಕ್ಷನ್ ಪೂರ್ತಿ ಎಳೆದು ಮೇಲಿನ ದಪ್ಪಂದು ಒಳಗೇ ಬಿಡ್ತೀನಿ, ಆಗ ಮೇಲಿನ ಲಾಕುಗಳು ನೀರಿಗೆ ಮುಳುಗಲ್ಲ, ನೀರು ಬಡಿಯೋ ಜಾಗನೂ ಸಣ್ಣದಾಗ್ತೈತೆ. ಸೆಳವು ಜೋರಿದ್ರೆ ಈ ಆಟ ಬ್ಯಾಡ, ದಪ್ಪ ಕಾಲೇ ಇಳಿಸ್ರಿ. ನಡುವಿನ ಕಂಬ ಮೇಲೆತ್ತೋದಂತೂ ಬ್ಯಾಡವೇ ಬ್ಯಾಡ. ಮೂರು ಕಾಲನ್ನೂ ಒಂದ್ಸಲ ಒತ್ತಿ ಮರಳಿಗೆ ಇಳಿಸಿ, ಎರಡು ಸೆಕೆಂಡ್ ಟೈಮರ್ ಹಾಕಿ, ಲೆನ್ಸಲ್ಲಿ ಕೈ ನಡುಕ ತಡೆಯೋ ಸ್ಟೆಬಿಲೈಸೇಶನ್ ಇದ್ರೆ ಆಫ್ ಮಾಡಿ. ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನೋ ಸೆಟ್ಟಿಂಗು) 100, ಅಪರ್ಚರ್ (ಲೆನ್ಸ್ ಒಳಗಿನ ಕಿಂಡಿ, ನಂಬರ್ ದೊಡ್ಡದಾದಷ್ಟು ಕಿಂಡಿ ಸಣ್ಣದು) 8ರಿಂದ 11. ಶಟರ್ ನಿಧಾನ ಆಗ್ಲಿ ಅಂತ 22ಕ್ಕೆ ಮುಚ್ಚೋರು ಅದಾರೆ, ಅಷ್ಟು ಮುಚ್ಚಿದ್ರೆ ಇಡೀ ಚಿತ್ರವೇ ಮೆತ್ತಗಾಗ್ತೈತೆ, ಅದಕ್ಕೆ ಫಿಲ್ಟರ್ ಇರೋದು.

ಫಿಲ್ಟರ್ ಅಂದ್ರೆ ನೆನಪಾಯ್ತು, ಟ್ರೈಪಾಡ್ ರಿವ್ಯೂಲಿ ಇದು ಬರಬಾರ್ದು, ಆದ್ರೂ ಹೇಳ್ತೀನಿ. ಜನ ಮೊದ್ಲು ಎನ್‌ಡಿ ಫಿಲ್ಟರ್ ತಗೋತಾರೆ, ಅಂದ್ರೆ ಬೆಳಕು ಕಮ್ಮಿ ಮಾಡೋ ಕಪ್ಪು ಗಾಜು. ಮಲೆನಾಡಿನ ಕಾಡೊಳಗೆ ಮೋಡ ಕವಿದಾಗ ಬೆಳಕೇ ಇರಲ್ಲ ಕಣ್ರಿ, ಅಲ್ಲಿ ಮೊದ್ಲು ಬೇಕಾಗೋದು ಪೋಲರೈಸರ್. ಒದ್ದೆ ಎಲೆ, ಒದ್ದೆ ಬಂಡೆ ಮೇಲೆ ಬಿಳೀ ಹೊಳಪು ಕೂತಿರ್ತೈತಲ್ಲ, ರಿಂಗ್ ತಿರುಗಿಸಿದ್ರೆ ಅದು ಹೋಗಿ ಒಳಗಿನ ಹಸಿರು ಬರ್ತೈತೆ, ಜೊತೆಗೆ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧಕ್ಕೆ ಇಳಿಯೋದು) ಬೆಳಕು ತಿನ್ನೋದ್ರಿಂದ ಶಟರ್ ತಾನೇ ನಿಧಾನ ಆಗ್ತೈತೆ. ಈ ಕೆಲಸ ಆಮೇಲೆ ಮೊಬೈಲಲ್ಲಿ ಎಡಿಟ್ ಮಾಡಿ ಆಗಲ್ಲ. ಬಿಸಿಲಿದ್ರೆ ಆರು ಸ್ಟಾಪಿನ ಎನ್‌ಡಿ ಸಾಕು, ಅರವತ್ತನೇ ಒಂದು ಸೆಕೆಂಡ್ ಇದ್ದಿದ್ದು ಸುಮಾರು ಒಂದು ಸೆಕೆಂಡ್ ಆಗ್ತೈತೆ. ಇನ್ನು ಬಾಳೆಹೊನ್ನೂರು ಕಡೆ ಭದ್ರಾದಲ್ಲಿ ಮಳೆಗಾಲದಾಗ ರಾಫ್ಟಿಂಗ್ ನಡೀತೈತೆ, ಅದನ್ನ ತೆಗಿಯೋಕೆ ಟ್ರೈಪಾಡೂ ಬ್ಯಾಡ ಫಿಲ್ಟರೂ ಬ್ಯಾಡ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಫಾಸ್ಟಾಗಿ ಶಟರ್ ಇಟ್ಟು ಕೈಯಲ್ಲೇ ಹೊಡೀರಿ.

ಲಾಕ್ ವಿಷಯ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಇಷ್ಟು ವರ್ಷ ಈ ಟ್ರೈಪಾಡ್ ಉಳಿದಿರೋದೇ ಅದರಿಂದ. ತಿರುಗಿಸೋ ಲಾಕ್ ನೋಡೋಕೆ ಸ್ಲಿಮ್, ಆದ್ರೆ ಹೊಳೆ ಮರಳು ಅದರ ಥ್ರೆಡ್ಡಿಗೆ ಹೊಕ್ರೆ ಪ್ರತಿ ಸಲ ಕರಕರ ಅಂತೈತೆ, ಬಿಚ್ಚಿ ತೊಳೆದು ಗ್ರೀಸ್ ಹಚ್ಚೋ ತಾಳ್ಮೆ ಇರ್ಬೇಕು. ಲಿವರ್ ಲಾಕಿಗೂ ಮರಳು ಹೋಗ್ತೈತೆ, ಹೋಗಲ್ಲ ಅಂತಲ್ಲ, ಆದ್ರೆ ಮನೆಗೆ ಬಂದು ಮೂರೂ ಕಾಲು ಪೂರ್ತಿ ಎಳೆದು ನಲ್ಲಿ ಕೆಳಗೆ ಹಿಡಿದ್ರೆ ಮುಗೀತು, ಒಂದು ರಾತ್ರಿ ಬಿಚ್ಚಿಟ್ಟೇ ಒಣಗಿಸ್ರಿ, ಮಡಚಿ ಬ್ಯಾಗಿಗೆ ತುರುಕಿದ್ರೆ ಒಳಗಿನ ಸ್ಕ್ರೂ ತುಕ್ಕು. ಲಿವರ್ ಸಡಿಲ ಆಯ್ತು ಅಂದ್ರೆ ಪಕ್ಕದಲ್ಲೊಂದು ಸಣ್ಣ ಬೋಲ್ಟ್ ಐತೆ, ಅಲೆನ್ ಕೀ ಹಾಕಿ ಅದನ್ನ ಒಂದು ಸುತ್ತಿನ ಕಾಲು ಭಾಗ ತಿರುಗಿಸಿದ್ರೆ ಬಿಗಿ ಆಗ್ತೈತೆ. ಆ ಕೀ ಬಾಕ್ಸಲ್ಲೇ ಕೊಟ್ಟಿದ್ರು, ಕಳೆದ್ರೆ ಸೈಕಲ್ ಶಾಪಲ್ಲಿ ಸಿಗ್ತೈತೆ. ಕಾಲಿನ ತುದಿಯ ರಬ್ಬರ್ ಒಂದು ತುಂಗೆ ಪಾಲಾಯ್ತು, ಕಂಪನಿಗೆ ಮೇಲ್ ಹಾಕಿದ್ರೆ ಇವತ್ತಿನವರೆಗೂ ಉತ್ತರ ಇಲ್ಲ. ಕೊನೆಗೆ ಮೆಡಿಕಲ್ ಶಾಪಲ್ಲಿ ವಯಸ್ಸಾದೋರ ವಾಕಿಂಗ್ ಸ್ಟಿಕ್‌ಗೆ ಹಾಕೋ ರಬ್ಬರ್ ಬುಶ್ ತಂದು ತೂರಿಸಿದೆ. ಅಂಗಡಿಯೋರು "ಯಾರಿಗಣ್ಣಾ, ಅಪ್ಪಾಜಿಗಾ?" ಅಂದ್ರು. ಒರಿಜಿನಲ್‌ಗಿಂತ ಅದೇ ಬಂಡೆ ಮೇಲೆ ಚೆನ್ನಾಗಿ ಹಿಡೀತೈತೆ, ಸುಳ್ಳಲ್ಲ.

ಬಾಲ್ ಹೆಡ್ಡು ಮಾತ್ರ ಕಳಪೆ. ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರೋ ಸಣ್ಣ ಲೆನ್ಸ್) ತನಕ ಏನೂ ತೊಂದ್ರೆ ಇಲ್ಲ, ಸ್ವಲ್ಪ ಉದ್ದ ಲೆನ್ಸ್ ಹಾಕಿ ಫ್ರೇಮ್ ಮಾಡಿ ಬಿಗಿ ಮಾಡಿ ಕೈ ಬಿಟ್ರೆ ಮೂತಿ ನಿಧಾನಕ್ಕೆ ಕೆಳಗೆ ಇಳೀತೈತೆ. ಒಂದು ವರ್ಷ ಆದ್ಮೇಲೆ ಒಳಗಿನ ಗ್ರೀಸ್ ಗಟ್ಟಿಯಾಗಿ ತಿರುಗಿಸಿದ್ರೆ ಜರ್ಕ್ ಹೊಡಿಯೋಕೆ ಶುರು. ಪುಣ್ಯಕ್ಕೆ ಹೆಡ್ಡು ಬಿಚ್ಚೋಕೆ ಬರ್ತೈತೆ, ಬೇರೆ ಹೆಡ್ ಸೆಕೆಂಡ್ ಹ್ಯಾಂಡಲ್ಲಿ ತಗೊಂಡು ಹಾಕ್ಕೊಂಡೆ, ಆರ್ಕಾ ಪ್ಲೇಟ್, ಅಂದ್ರೆ ಕ್ಯಾಮೆರಾ ತಳಕ್ಕೆ ಹಾಕೋ ಪಟ್ಟಿ, ಹಿಡಿಯೋದು. ನೀವು ತಗೊಳ್ಳೋ ಮಾಡೆಲಲ್ಲಿ ಹೆಡ್ಡು ಕಾಲಿಗೆ ಅಂಟಿಕೊಂಡೇ ಬಂದಿದ್ರೆ ಅದನ್ನ ಅಲ್ಲೇ ವಾಪಸ್ ಇಡ್ರಿ. ಕಾಲಿಗೆ ಸುತ್ತಿರೋ ಕಪ್ಪು ಫೋಮ್ ಇನ್ನೊಂದು ತಲೆನೋವು, ನೀರು ಕುಡಿದು ವಾರ ಆದ್ರೂ ಒಣಗಲ್ಲ, ವಾಸನೆ ಬೇರೆ. ಮೇಲಾಗಿ ಉಂಬಳ (ಕಾಡಿನ ಜಿಗಣೆ) ಕರ್ರಗೆ, ಫೋಮೂ ಕರ್ರಗೆ, ಹೆಗಲ ಮೇಲೆ ಇಟ್ಕೊಂಡು ಬರೋವಾಗ ಕುತ್ತಿಗೆಗೆ ಹತ್ತಿದ್ದೇ ಗೊತ್ತಾಗಲ್ಲ. ಈಗ ಫೋಮ್ ಕಿತ್ತಾಕಿ ಕ್ರಿಕೆಟ್ ಬ್ಯಾಟಿನ ಗ್ರಿಪ್ ಹಾಕಿದೀನಿ.

ನೀರಿಗಿಂತ ಗಾಳಿ ಕಷ್ಟ ಅಂತ ಗೊತ್ತಾಗಿದ್ದು ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ. ಅಲ್ಲಿ ಮಳೆಗಾಲದ ಗಾಳಿ ಗೊತ್ತಲ್ಲ, ಸುತ್ತ ಗುಡ್ಡದ ಮೇಲೆಲ್ಲ ಗಾಳಿ ಕರೆಂಟಿನ ಫ್ಯಾನ್ ನಿಲ್ಸಿರೋದು ಸುಮ್ನೆ ಅಲ್ಲ. ನಡುವಿನ ಕೊಕ್ಕೆಗೆ ಬ್ಯಾಗ್ ನೇತಾಕ್ರಿ ಅಂತ ಎಲ್ಲಾ ವಿಡಿಯೋದಲ್ಲೂ ಹೇಳ್ತಾರೆ, ಗಾಳಿಗೆ ಬ್ಯಾಗೇ ಉಯ್ಯಾಲೆ ಆಡಿ ಟ್ರೈಪಾಡ್ ಅಲ್ಲಾಡಿಸ್ತೈತೆ. ಬ್ಯಾಗ್ ಅರ್ಧ ನೆಲಕ್ಕೆ ತಾಗಂಗೆ, ಬೆಲ್ಟ್ ಬಿಗಿ ಇರಂಗೆ ಕಟ್ರಿ. ಹಂಗೆ ಕಟ್ಟಿದ ಮೇಲೆ ಇದು ಅಲ್ಲಾಡಿಲ್ಲ, ಒಂದು ಸೆಕೆಂಡಿಗೆ ಫ್ಯಾನಿನ ರೆಕ್ಕೆ ಮಸುಕು, ಕಂಬ ಗಟ್ಟಿ, ಹಿಂದೆ ಓಡೋ ಮೋಡ. ಇನ್ನು ಕೋಟೆ ಒಳಗೆ ಟ್ರೈಪಾಡ್ ತಗೊಂಡು ಹೋಗ್ತೀನಿ ಅಂದ್ಕೋಬ್ಯಾಡ್ರಿ, ಪುರಾತತ್ವ ಇಲಾಖೆ ಜಾಗ, ಪರ್ಮಿಶನ್ ಇಲ್ದೆ ಬಿಡಲ್ಲ. ಕುದುರೆಮುಖದಂಥ ಟ್ರೆಕ್ಕಿಗೂ ಅರಣ್ಯ ಇಲಾಖೆ ವೆಬ್‌ಸೈಟಲ್ಲಿ ಮೊದ್ಲೇ ಬುಕ್ ಮಾಡ್ಬೇಕು, ಮತ್ತೆ ಆ ಏರಿಗೆ ಎರಡು ಕೆಜಿ ಅಲ್ಯೂಮಿನಿಯಂ ಹೊರೋ ಆಸೆ ಇದ್ರೆ ಇನ್ನೊಮ್ಮೆ ಯೋಚ್ನೆ ಮಾಡ್ರಿ, 1,894 ಮೀಟರ್ ಅದು. ನಾನು ಅಲ್ಲಿಗೆ ಇದನ್ನ ಒಯ್ಯಲ್ಲ, ಮಾವನ ಮಗನ ಹೂವನ್ನ ಕೇಳಿ ತಗೋತೀನಿ.

ಒಂದು ಮಾತು, ಟ್ರೈಪಾಡ್ ಗಟ್ಟಿ ನಿಂತೈತೆ ಅಂತ ನೀವು ನಿಲ್ಲಬ್ಯಾಡ್ರಿ. ನಮ್ಮ ತಲೆ ಮೇಲೆ ಬಿಸಿಲಿದ್ರೂ ಮೇಲ್ಗಡೆ ಘಟ್ಟದಲ್ಲಿ ಮಳೆ ಹೊಡೆದ್ರೆ ಹಳ್ಳ ನೋಡ್ತಾ ನೋಡ್ತಾ ಏರ್ತೈತೆ. ನೀರಿನ ಬಣ್ಣ ತಿರುಗ್ತು, ಒಣಗಿದ ಎಲೆ ಕಡ್ಡಿ ಜಾಸ್ತಿ ತೇಲಿ ಬರೋಕೆ ಶುರುವಾಯ್ತು ಅಂದ್ರೆ ಆ ಫ್ರೇಮು ಎಷ್ಟೇ ಚೆಂದ ಇರ್ಲಿ, ಮೇಲೆ ಬನ್ನಿ. ಎದ್ದು ಬರೋ ಟೈಮಲ್ಲಿ ಲಾಕ್ ಮಡಚ್ತಾ ಕೂರಬ್ಯಾಡ್ರಿ, ಕಾಲು ಬಿಚ್ಕೊಂಡೇ ಎತ್ಕೊಂಡು ನಡೀರಿ. ಊರಿನೋರು "ಇಳೀಬ್ಯಾಡಿ ಸಾರ್" ಅಂದ್ರೆ ಅದೇ ಫೈನಲ್, ರೀಲ್ಸ್ ಹುಡುಗ್ರು ಇಳಿದಾರೆ ಅನ್ನೋದು ಲೆಕ್ಕಕ್ಕಿಲ್ಲ. ಅಣೆಕಟ್ಟೆ ಕೆಳಗಂತೂ ಗೇಟ್ ಯಾವಾಗ ಎತ್ತಾರೆ ಅಂತ ಕಾಯೋ ಆಟವೇ ಬ್ಯಾಡ.

2025ರ ಜನವರಿಯಲ್ಲಿ ವಾಣಿವಿಲಾಸ ಮತ್ತೆ ಕೋಡಿ ಬಿದ್ದಾಗ ಇದೇ ಕಾಲು, ಬೇರೆ ಹೆಡ್ಡು, ಒಂದು ತುದಿಗೆ ಮೆಡಿಕಲ್ ಶಾಪ್ ರಬ್ಬರ್, ಕೆಲಸ ಸಲೀಸಾಗಿ ಆಯ್ತು. ನನ್ನ ಕಡೆಯಿಂದ ಕಾಲಿಗೆ ನಾಲ್ಕೂವರೆ, ಹೆಡ್ಡಿಗೆ ಎರಡು, ಕಸ್ಟಮರ್ ಕೇರಿಗೆ ಸೊನ್ನೆ. ಬಸ್ಸಲ್ಲಿ ಓಡಾಡೋರು, ಮೊಬೈಲಲ್ಲಷ್ಟೇ ತೆಗೆಯೋರು ಇದನ್ನ ತಗೋಬ್ಯಾಡ್ರಿ, ಹೊತ್ತು ಹೊತ್ತು ಬೈಕೋತೀರ. ಕಾರೋ ಬೈಕೋ ಇದ್ದು ನೀರಲ್ಲಿ ಇಳಿಸೋ ಹುಚ್ಚಿದ್ರೆ ಅಂಗಡಿಲೇ ನಾಲ್ಕೂ ಸೆಕ್ಷನ್ ಪೂರ್ತಿ ಎಳೆಸಿ, ನೆತ್ತಿ ಮೇಲೆ ಕೈಯಿಟ್ಟು ಒತ್ತಿ, ಎಡಕ್ಕೆ ಬಲಕ್ಕೆ ತಿರುಚಿ ನೋಡ್ರಿ. ಯಾವ್ದಾದ್ರೂ ಕಾಲು ಜಾರಿದ್ರೆ ಇನ್ನೊಂದು ಪೀಸ್ ತೆಗೆಸ್ರಿ, ಆಮೇಲೆ ಬಿಲ್ ಮಾಡಿಸ್ರಿ.